ಸೇಡಿನ ಸರಪಳಿಯನ್ನು ಕಡಿಯುವವರಾರು?

ಸೇಡಿಗೆ ಕೊನೆಯೆಂಬುದಿಲ್ಲ ಎಂಬ ಮಾತನ್ನು ಒಪ್ಪದವರು ಇಲ್ಲ. ಒಪ್ಪಿದ ಮೇಲೂ ತಮ್ಮ ಸರದಿ ಬಂದಾಗ ಅದು ತಮಗೆ ಅನ್ವಯಿಸುವುದಿಲ್ಲವೆಂದು ಭಾವಿಸದವರೂ ಇಲ್ಲ. ‘ಮೊದಲು ಮಾಡಿದವನು ಅವನು, ನಾನು ಉತ್ತರ ಕೊಟ್ಟೆ ಅಷ್ಟೆ’ ಎಂಬುದು ಜಗಳವಾಡಿದ ಪ್ರತಿಯೊಬ್ಬನ ಸಮಜಾಯಿಷಿ. ಎದುರು ಪಕ್ಷದವನೂ ಅದೇ ಮಾತನ್ನು ಅಷ್ಟೇ ಪ್ರಾಮಾಣಿಕವಾಗಿ ಹೇಳುತ್ತಾನೆ. ಫ್ರೆಂಚ್ ಮೂಲದ ಕಥೋಲಿಕ ಚಿಂತಕ ರೆನೆ ಜಿರಾರ್ಡ್ ತಮ್ಮ 1972ರ ಗ್ರಂಥದಲ್ಲಿ ಎತ್ತಿ ತೋರಿಸಿದ್ದು ಇದನ್ನೇ: ಸೇಡಿನ ಸಾಲಿನಲ್ಲಿ ಆರಂಭ ಮಾಡಿದವನು ಯಾರೂ ಇರುವುದಿಲ್ಲ, ಎಲ್ಲರೂ ಉತ್ತರ ಕೊಟ್ಟವರೇ.

ಈ ವಿಷಯವನ್ನು ಹಿಡಿದು ಕೊನೆಯತನಕ ಬಿಡದೆ ವಿಚಾರಿಸಿದ ಒಂದು ಗ್ರಂಥವನ್ನು ಈ ವಾರ ನಮ್ಮ ವಾಚಕರಿಗೆ ಪರಿಚಯಿಸಬೇಕೆಂದಿದ್ದೇವೆ. ಅದು ಐಸ್‌ಲೆಂಡ್ ದೇಶದ ‘ನ್ಯಾಲನ ಸಾಗಾ’. ಸುಮಾರು 1280ರಲ್ಲಿ ಹೆಸರು ತಿಳಿಯದ ಲೇಖಕನೊಬ್ಬನು ಬರೆದದ್ದು. ಸಂತ ಥೋಮಾಸ್ ಅಕ್ವಿನಾಸರು ದೈವಾಧೀನರಾದದ್ದು 1274ರಲ್ಲಿ; ಅಂದರೆ ಪ್ಯಾರಿಸಿನಲ್ಲಿಯೂ ನೇಪಲ್ಸಿನಲ್ಲಿಯೂ ಆ ಮಹಾನುಭಾವರು ನ್ಯಾಯ, ದಂಡನೆ, ಕ್ಷಮೆಗಳ ಸ್ವರೂಪವನ್ನು ತರ್ಕದಿಂದ ಬಿಡಿಸಿಟ್ಟ ಕೆಲವೇ ವರ್ಷಗಳಲ್ಲಿ, ಉತ್ತರದ ಹಿಮದ ನಾಡಿನಲ್ಲಿ ಒಬ್ಬ ಅಜ್ಞಾತನು ಅದೇ ಪ್ರಶ್ನೆಗಳನ್ನು ಕಥೆಯಾಗಿ ಹೇಳಿದನು. ಪ್ರಾಚೀನ ಸಾಹಿತ್ಯವೆಂದರೆ ಗ್ರೀಕ್ ಮತ್ತು ಲ್ಯಾಟಿನ್ ಎಂದೇ ನಮಗೆ ಕಲಿಸಲಾಗಿದೆ. ಆ ಪಟ್ಟಿಯಲ್ಲಿ ಈ ಸಾಗಾ ಸೇರದಿರುವುದು ನಮ್ಮ ಅಭಿಪ್ರಾಯದಲ್ಲಿ ಅನ್ಯಾಯ.

ಕಥೆ ನಡೆಯುವುದು ಬರೆದ ಕಾಲಕ್ಕಿಂತ ಮುನ್ನೂರು ವರ್ಷಗಳಷ್ಟು ಹಿಂದೆ, ಕ್ರಿ.ಶ. 1000ದ ಆಸುಪಾಸಿನಲ್ಲಿ. ಆಗ ಐಸ್‌ಲೆಂಡಿಗೆ ಅರಸನಿರಲಿಲ್ಲ, ಸೈನ್ಯವಿರಲಿಲ್ಲ, ತಳವಾರರೂ ಇರಲಿಲ್ಲ. ಇದ್ದದ್ದು ಕಾನೂನು. 930ರಲ್ಲಿ ಸ್ಥಾಪನೆಯಾದ ‘ಆಲ್ಥಿಂಗ್’ ಎಂಬ ಮಹಾಸಭೆ ಪ್ರತಿ ಬೇಸಗೆಯಲ್ಲಿ ಥಿಂಗ್‌ವೆಲ್ಲಿರ್ ಬಯಲಿನಲ್ಲಿ ಸೇರುತ್ತಿತ್ತು. ನಾಡಿನ ಮುಖಂಡರು ಬಂದು ವ್ಯಾಜ್ಯಗಳನ್ನು ವಿಚಾರಿಸಿ ತೀರ್ಪು ಕೊಡುತ್ತಿದ್ದರು. ಆದರೆ ತೀರ್ಪನ್ನು ಜಾರಿಗೆ ತರುವ ಅಧಿಕಾರಿ ಯಾರೂ ಇರಲಿಲ್ಲ. ಗೆದ್ದವನು ತನ್ನ ಬಂಧುಬಳಗವನ್ನು ಕಟ್ಟಿಕೊಂಡು ತಾನೇ ಜಾರಿಮಾಡಬೇಕು. ಕೊಲೆಯಾದರೆ ಸತ್ತವನ ಅಂತಸ್ತಿಗೆ ತಕ್ಕಂತೆ ಇಷ್ಟು ಬೆಳ್ಳಿ ಎಂದು ಗೊತ್ತುಮಾಡಿ, ಅದನ್ನು ಸ್ವೀಕರಿಸಿದರೆ ವಿಷಯ ಮುಗಿಯಿತು. ಸ್ವೀಕರಿಸದಿದ್ದರೆ ರಕ್ತಕ್ಕೆ ರಕ್ತ.

ಗುನ್ನಾರ್ ನಾಡಿಗೇ ಹೆಸರಾದ ವೀರ. ನ್ಯಾಲ್ ಕಾನೂನು ಬಲ್ಲವರಲ್ಲಿ ಅಗ್ರಗಣ್ಯ, ಗಡ್ಡಮೀಸೆ ಮೂಡದ ಮುಖದವನು. ಇಬ್ಬರೂ ಪ್ರಾಣಸ್ನೇಹಿತರು. ಒಂದು ಔತಣದಲ್ಲಿ ಯಾರು ಯಾವ ಆಸನದಲ್ಲಿ ಕುಳಿತುಕೊಳ್ಳಬೇಕೆಂಬ ಕ್ಷುಲ್ಲಕ ಕಾರಣಕ್ಕೆ ಅವರ ಮಡದಿಯರಾದ ಹಲ್ಗೆರ್ಡ್ ಮತ್ತು ಬೆರ್ಗ್‌ಥೋರಾರ ನಡುವೆ ಮಾತಿಗೆ ಮಾತು ಬೆಳೆಯುತ್ತದೆ. ಗಂಡಂದಿರು ಮಹಾಸಭೆಗೆ ಹೋಗಿದ್ದಾಗ ಹಲ್ಗೆರ್ಡ್ ತನ್ನ ಆಳಿನಿಂದ ನ್ಯಾಲನ ಮನೆಯ ಸೌದೆ ಕಡಿಯುವ ಆಳನ್ನು ಕೊಲ್ಲಿಸುತ್ತಾಳೆ. ಗುನ್ನಾರ್ ಬೇಸರಪಟ್ಟು ಗೆಳೆಯನಿಗೆ 12 ಔನ್ಸ್ ಬೆಳ್ಳಿ ಕೊಡುತ್ತಾನೆ. ಮುಂದಿನ ಸಲ ಬೆರ್ಗ್‌ಥೋರಾ ಆ ಕೊಲೆಗಾರನನ್ನು ಕೊಲ್ಲಿಸುತ್ತಾಳೆ. ನ್ಯಾಲ್ 12 ಔನ್ಸ್ ಬೆಳ್ಳಿಯನ್ನು ಗೆಳೆಯನ ಕೈಯಲ್ಲಿಡುತ್ತಾನೆ. ಗುನ್ನಾರ್ ನೋಡಿದರೆ ಅದು ತಾನೇ ಕೊಟ್ಟಿದ್ದ ಬೆಳ್ಳಿ! ಆಮೇಲೆ ಸತ್ತವನು ಸ್ವತಂತ್ರನೆಂದು ಲೆಕ್ಕ ಹಿಡಿದದ್ದರಿಂದ 100 ಔನ್ಸ್ ಹೋಗುತ್ತದೆ. ಅವನಿಗೆ ಪ್ರತಿಯಾಗಿ ಇನ್ನೊಬ್ಬನು ಸತ್ತು 100 ಔನ್ಸ್ ಮರಳುತ್ತದೆ. ಬಳಿಕ ನ್ಯಾಲನ ಮಕ್ಕಳನ್ನು ಎತ್ತಿ ಆಡಿಸಿ ಬೆಳೆಸಿದವನೇ ಹತನಾಗುತ್ತಾನೆ. ಆಗ ಬೆಲೆ 200. ಅದಕ್ಕೆ ಸೇಡಾಗಿ ಗುನ್ನಾರನ ಬಂಧುವೊಬ್ಬನು ಬೀಳುತ್ತಾನೆ, 200 ಮರಳುತ್ತದೆ.

ಅರಿಸ್ಟಾಟಲನು ನ್ಯಾಯವನ್ನು ಕುರಿತು ಬರೆಯುವಾಗ, ಒಬ್ಬನಿಂದ ಹೆಚ್ಚಾಗಿ ಹೋದದ್ದನ್ನು ಇನ್ನೊಬ್ಬನಿಂದ ತಂದು ಸರಿದೂಗಿಸುವ ಅಂಕಗಣಿತದ ನ್ಯಾಯವೊಂದನ್ನು ವಿವರಿಸುತ್ತಾನೆ. ಈ ಇಬ್ಬರು ಗೆಳೆಯರ ಲೆಕ್ಕ ಪ್ರತಿ ಸಲವೂ ಆ ನ್ಯಾಯದಂತೆ ಚೊಕ್ಕವಾಗಿ ಸರಿದೂಗಿದೆ. ಕೊನೆಗೆ ಯಾರೂ ಯಾರಿಗೂ ಒಂದು ಚೂರು ಬೆಳ್ಳಿಯನ್ನೂ ಕೊಡಬೇಕಾಗಿಲ್ಲ. ಏಳು ಮಂದಿ ಮಾತ್ರ ಮಣ್ಣಿನಡಿಯಲ್ಲಿದ್ದಾರೆ.

ಇಲ್ಲಿ ಒಂದು ಮಾತು. ಸಾಗಾವನ್ನು ಓದಿದ ಅನೇಕರು, ಎಲ್ಲ ಅನರ್ಥಕ್ಕೂ ಹೆಂಗಸರ ನಾಲಗೆಯೇ ಮೂಲವೆಂದು ತೀರ್ಮಾನಿಸುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. ಮಹಾಸಭೆಯ ನ್ಯಾಯಪೀಠದಲ್ಲಿ ಸ್ತ್ರೀಯರಿಗೆ ಸ್ಥಾನವಿರಲಿಲ್ಲ. ಅವಮಾನಿತಳಾದ ಹೆಣ್ಣಿಗೆ ಉಳಿದಿದ್ದ ಏಕೈಕ ಆಯುಧ, ಮನೆಯ ಗಂಡಸರನ್ನು ‘ನೀವು ಗಂಡಸರೇ’ ಎಂದು ಕೆಣಕುವುದು. ಆ ಕೆಣಕುಮಾತಿಗೆ ಬಗ್ಗುವಂತೆ ಗಂಡಸುತನದ ಕಲ್ಪನೆಯನ್ನು ಕಟ್ಟಿಕೊಂಡವರು ಗಂಡಸರೇ. ಒಂದು ಘಟ್ಟದಲ್ಲಿ ಗುನ್ನಾರ್ ತನ್ನ ತಮ್ಮನ ಮುಂದೆ ಹೇಳಿಕೊಳ್ಳುತ್ತಾನೆ: ಬೇರೆಯವರಿಗೆ ಕೊಲ್ಲುವುದು ಸುಲಭವಾಗಿ ತೋರುತ್ತದೆ, ನನಗೆ ಅಷ್ಟು ಸುಲಭವೆನಿಸುವುದಿಲ್ಲ, ಹಾಗಾದರೆ ನಾನು ಇತರರಿಗಿಂತ ಕಡಿಮೆ ಗಂಡಸೋ ಎಂದು. ಇಷ್ಟು ಕೊಲೆಗಳ ನಡುವೆ ಆ ಶ್ರೇಷ್ಠ ವೀರನ ಆತ್ಮಸಾಕ್ಷಿ ಮಾತಾಡಿದೆ. ಅವನು ಅದನ್ನು ತನ್ನ ದೌರ್ಬಲ್ಯವೆಂದು ತಿಳಿದನು.

ಗುನ್ನಾರನ ಅಂತ್ಯವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮೂರು ವರ್ಷ ದೇಶ ಬಿಟ್ಟು ಹೋಗಬೇಕೆಂಬ ತೀರ್ಪಾಗುತ್ತದೆ. ಹಡಗಿಗೆ ಹೊರಟವನ ಕುದುರೆ ಎಡವುತ್ತದೆ. ಕೆಳಗಿಳಿದವನು ತಿರುಗಿ ತನ್ನ ಮನೆಯ ಇಳಿಜಾರನ್ನೂ ಕೊಯ್ಲಿಗೆ ಬಂದ ಹೊಲವನ್ನೂ ನೋಡಿ, ಹೋಗುವುದಿಲ್ಲವೆಂದು ನಿಶ್ಚಯಿಸುತ್ತಾನೆ. ಶತ್ರುಗಳು ಮನೆಯನ್ನು ಮುತ್ತುತ್ತಾರೆ. ಬಿಲ್ಲಿನ ಹೆದೆ ತುಂಡಾದಾಗ ಅವನು ಹೆಂಡತಿಯ ನೀಳ ಕೂದಲಿನಿಂದ ಎರಡು ಎಳೆ ಬೇಡುತ್ತಾನೆ. ಹಿಂದೊಮ್ಮೆ ಅವನು ಹೊಡೆದ ಕೆನ್ನೆಯೇಟನ್ನು ನೆನಪಿಸಿ ಆಕೆ ನಿರಾಕರಿಸುತ್ತಾಳೆ.

ಇದರ ನಡುವೆ ಐಸ್‌ಲೆಂಡ್ ಕ್ರೈಸ್ತಧರ್ಮವನ್ನು ಸ್ವೀಕರಿಸಿತು. ಆ ಪ್ರಸಂಗ ಅಪೂರ್ವವಾದದ್ದು. ಕ್ರಿ.ಶ. 1000ದ ಸುಮಾರಿಗೆ ಮಹಾಸಭೆಯು ಹಳೆಯ ದೇವತೆಗಳನ್ನು ನಂಬಿದವರು, ಕ್ರಿಸ್ತನನ್ನು ನಂಬಿದವರು ಎಂದು ಎರಡಾಗಿ ಸೀಳಿ, ಯುದ್ಧದ ಅಂಚಿಗೆ ಬಂದಿತ್ತು. ಕಾನೂನು ಹೇಳುವ ಅಧಿಕಾರದಲ್ಲಿದ್ದ ಥೋರ್ಗೇರ್ ಎಂಬಾತನು ಇನ್ನೂ ಹಳೆಯ ಧರ್ಮದವನು. ಆದರೂ ಕ್ರೈಸ್ತರ ಮುಖಂಡನಾದ, ಸೀಡಾದ ಹಲ್ಲೂರ್ ಎಂಬ ಹಿರಿಯನು ತೀರ್ಮಾನವನ್ನು ಅವನಿಗೇ ಒಪ್ಪಿಸಿದನು. ಥೋರ್ಗೇರ್ ಒಂದು ಹಗಲು ಒಂದು ರಾತ್ರಿ ಹೊದಿಕೆಯನ್ನು ಮುಖದ ಮೇಲೆಳೆದುಕೊಂಡು ಮೌನವಾಗಿ ಮಲಗಿ, ಮರುದಿನ ಎದ್ದು, ಕಾನೂನು ಎರಡಾದರೆ ಶಾಂತಿಯೂ ಒಡೆಯುತ್ತದೆ, ಆದುದರಿಂದ ಎಲ್ಲರೂ ದೀಕ್ಷಾಸ್ನಾನ ಪಡೆಯತಕ್ಕದ್ದು ಎಂದು ಸಾರಿದನು. ಒಂದು ತೊಟ್ಟು ರಕ್ತ ಬೀಳಲಿಲ್ಲ. (ಹಲವರು ತಣ್ಣೀರಿನಲ್ಲಿ ದೀಕ್ಷಾಸ್ನಾನ ಬೇಡವೆಂದು ಹಟ ಹಿಡಿದು ಬಿಸಿನೀರಿನ ಬುಗ್ಗೆಯಲ್ಲಿ ಪಡೆದರಂತೆ. ಆ ದೇಶದ ಚಳಿಯನ್ನು ನೆನೆದು ನಾವು ಅವರನ್ನು ಮನ್ನಿಸಬಹುದು.) 1989ರ ಜೂನ್‌ನಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಐಸ್‌ಲೆಂಡಿಗೆ ಭೇಟಿಯಿತ್ತು ಇದೇ ಥಿಂಗ್‌ವೆಲ್ಲಿರ್ ಬಯಲಿನಲ್ಲಿ ಇತರ ಕ್ರೈಸ್ತರೊಂದಿಗೆ ಪ್ರಾರ್ಥಿಸಿದರು.

ಆದರೆ ಸಾಗಾದ ನಿಜವಾದ ಭೀಕರತೆ ಆರಂಭವಾಗುವುದು ದೀಕ್ಷಾಸ್ನಾನದ ನಂತರ. ಕ್ರೈಸ್ತರಾದ ಕುಟುಂಬಗಳಿಗೆ ಇದನ್ನು ಓದಿ ಹೇಳುವಾಗ ನಾವು ಈ ಅಂಶದ ಮೇಲೆ ಒತ್ತು ಕೊಡಲು ಬಯಸುತ್ತೇವೆ.

ನ್ಯಾಲನ ಮಕ್ಕಳು ಥ್ರಾಯಿನ್ ಎಂಬವನನ್ನು ಕೊಂದಿದ್ದರು. ಪರಿಹಾರ ಕೊಟ್ಟದ್ದಾಯಿತು. ಆದರೆ ನ್ಯಾಲ್ ಬೆಳ್ಳಿಯಲ್ಲಿ ನಂಬಿಕೆ ಇಡದೆ, ಸತ್ತವನ ಮಗನಾದ ಹೋಸ್ಕುಲ್ಡ್ ಎಂಬ ಬಾಲಕನನ್ನು ತನ್ನ ಮನೆಗೆ ತಂದು ಸಾಕಿದನು. ಮೊದಲ ದಿನವೇ ಒಂದು ಚಿನ್ನದ ಉಂಗುರ ಕೊಟ್ಟು, ನಿನ್ನ ತಂದೆ ಹೇಗೆ ಸತ್ತನೆಂದು ಬಲ್ಲೆಯಾ ಎಂದು ಕೇಳಿದನು. ಬಲ್ಲೆ, ಸ್ಕಾರ್ಪ್‌ಹೆದಿನ್ ಕೊಂದನು, ಅದಕ್ಕೆ ಪೂರ್ಣ ಪರಿಹಾರ ಸಂದಿದೆ, ಅದನ್ನು ನೆನೆಯುವ ಅಗತ್ಯವಿಲ್ಲ ಎಂದು ಬಾಲಕನು ಉತ್ತರಿಸಿದನು. ಸ್ಕಾರ್ಪ್‌ಹೆದಿನ್ ನ್ಯಾಲನ ಹಿರಿಯ ಮಗ. ಹುಡುಗನು ನ್ಯಾಲನ ಸ್ವಂತ ಮಕ್ಕಳಿಗಿಂತ ಪ್ರಿಯನಾಗಿ ಬೆಳೆದು, ಮುಖಂಡನಾಗಿ, ಹಿಲ್ಡಿಗುನ್ ಎಂಬವಳನ್ನು ಮದುವೆಯಾದನು. ಇದನ್ನು ಸಹಿಸದ ಮೋರ್ಡ್ ಎಂಬ ಚಾಡಿಕೋರನು, ಅವನು ನಿಮ್ಮನ್ನು ಕೊಲ್ಲಲು ಹೊಂಚುತ್ತಿದ್ದಾನೆಂದು ನ್ಯಾಲನ ಮಕ್ಕಳ ಕಿವಿ ತುಂಬಿದನು. ಹೋಸ್ಕುಲ್ಡನಿಗೂ ಅವರ ಮೇಲೆ ಚಾಡಿ ಹೇಳಿದನು. ಹೋಸ್ಕುಲ್ಡ್ ನಂಬಲಿಲ್ಲ, ಅವರು ನಂಬಿದರು. ವಸಂತದ ಒಂದು ಬೆಳಗ್ಗೆ ಹೋಸ್ಕುಲ್ಡ್ ಒಂದು ಕೈಯಲ್ಲಿ ಬೀಜದ ಬುಟ್ಟಿ, ಇನ್ನೊಂದು ಕೈಯಲ್ಲಿ ಖಡ್ಗ ಹಿಡಿದು ಹೊಲದಲ್ಲಿ ಬಿತ್ತುತ್ತಿದ್ದಾಗ ಅವರು ಮೇಲೆ ಬಿದ್ದರು. ಮೊಣಕಾಲೂರಿ ಕುಸಿದವನು, ದೇವರು ತನಗೆ ನೆರವಾಗಲಿ, ಅವರನ್ನು ಕ್ಷಮಿಸಲಿ ಎಂದು ಹೇಳಿ ಪ್ರಾಣಬಿಟ್ಟನು. ಆ ಬೀಜದ ಬುಟ್ಟಿಯ ಪಕ್ಕದ ಖಡ್ಗವನ್ನು ನಾವು ಎಷ್ಟೋ ಸಲ ಯೋಚಿಸಿದ್ದೇವೆ. ಅಷ್ಟು ಸಜ್ಜನನಾದವನೂ ತನ್ನ ಹೊಲಕ್ಕೆ ಬರಿಗೈಯಲ್ಲಿ ಹೋಗಲಾರದ ನಾಡು ಅದಾಗಿತ್ತು.

ವಿಧವೆಯಾದ ಹಿಲ್ಡಿಗುನ್ ಗಂಡನ ಹೆಪ್ಪುಗಟ್ಟಿದ ರಕ್ತವನ್ನು ಅವನ ಮೇಲಂಗಿಯಲ್ಲಿಯೇ ಸುತ್ತಿಟ್ಟುಕೊಂಡಳು. ಅವಳ ಚಿಕ್ಕಪ್ಪ ಫ್ಲೋಸಿ ಮನೆಗೆ ಬಂದಾಗ, ಅದನ್ನು ಅವನ ಹೆಗಲಿಗೆ ಹಾಕಿದಳು. ಒಣಗಿದ ರಕ್ತ ಅವನ ಮೈಮೇಲೆಲ್ಲ ಉದುರಿತು. ಆ ಮೇಲಂಗಿಯನ್ನು ಹಿಂದೆ ಉಡುಗೊರೆಯಾಗಿ ಕೊಟ್ಟವನು ಫ್ಲೋಸಿಯೇ. ಬಳಿಕ ಆಕೆ ಕ್ರಿಸ್ತನ ಶಕ್ತಿಯ ಹೆಸರಿನಲ್ಲಿಯೂ ಅವನ ಪೌರುಷದ ಹೆಸರಿನಲ್ಲಿಯೂ ಆಣೆಯಿಟ್ಟು, ಸತ್ತವನ ಪ್ರತಿ ಗಾಯಕ್ಕೂ ಸೇಡು ತೀರಿಸೆಂದಳು. ಶಿಲುಬೆಯ ಮೇಲಿನಿಂದ ತನ್ನನ್ನು ಕೊಂದವರಿಗೆ ಕ್ಷಮೆ ಬೇಡಿದ ಪ್ರಭುವಿನ ನಾಮವನ್ನು ಸೇಡಿಗಾಗಿ ಕರೆಯಲಾಯಿತು! ಫ್ಲೋಸಿ ಕೋಪದಿಂದ ಮೇಲಂಗಿಯನ್ನು ಕಿತ್ತೆಸೆದನು. ಅವನ ಮುಖ ಕೆಂಪಾಗಿ, ಬಿಳಿಚಿ, ಕಪ್ಪಾಯಿತು ಎನ್ನುತ್ತದೆ ಸಾಗಾ. ಕ್ರಿಸ್ತನ ಹೆಸರನ್ನು ಪೌರುಷದ ಹೆಸರಿನೊಂದಿಗೆ ಒಂದೇ ನೊಗಕ್ಕೆ ಕಟ್ಟುವ ಪಾಪ ಆ ಒಬ್ಬ ವಿಧವೆಯದಲ್ಲ. ಆ ಬಳಿಕದ ಕ್ರೈಸ್ತ ಚರಿತ್ರೆಯಲ್ಲಿ ಎಷ್ಟು ಧ್ವಜಗಳ ಮೇಲೆ ಇದು ನಡೆದಿದೆ!

ಆದರೂ ಮಹಾಸಭೆಯಲ್ಲಿ ರಾಜಿ ಬಹುಮಟ್ಟಿಗೆ ಮುಗಿದಿತ್ತು. 600 ಔನ್ಸ್ ಬೆಳ್ಳಿ, ಮಾಮೂಲಿಗಿಂತ ಮೂರು ಪಟ್ಟು. ತೀರ್ಪುಗಾರರೇ ಅರ್ಧ ಹಣವನ್ನು ತಮ್ಮ ಕೈಯಿಂದ ಹಾಕಿದರು. ನ್ಯಾಲ್ ಸದ್ಭಾವನೆಯಿಂದ ರಾಶಿಯ ಮೇಲೆ ಒಂದು ರೇಷ್ಮೆಯ ನಿಲುವಂಗಿಯನ್ನಿಟ್ಟನು. ಇದನ್ನು ಇಟ್ಟವರು ಯಾರೆಂದು ಫ್ಲೋಸಿ ನಗುತ್ತ ಕೇಳಿದನು. ಯಾರೂ ಉತ್ತರಿಸಲಿಲ್ಲ. ಗಂಡೋ ಹೆಣ್ಣೋ ತಿಳಿಯದ ಆ ಗಡ್ಡವಿಲ್ಲದ ಮುದುಕನೇ ಇರಬೇಕೆಂಬ ಹಂಗಿಸುಮಾತು ಬಂತು. ಸ್ಕಾರ್ಪ್‌ಹೆದಿನ್ ಅದಕ್ಕಿಂತ ಹೊಲಸಾದ ಮಾತನ್ನು ತಿರುಗಿಸಿ ಎಸೆದನು. ಫ್ಲೋಸಿ ಬೆಳ್ಳಿಯ ರಾಶಿಯನ್ನು ಕಾಲಿನಿಂದ ಒದ್ದನು.

ಆ ಶರತ್ಕಾಲದಲ್ಲಿ ಸುಮಾರು ನೂರು ಮಂದಿ ನ್ಯಾಲನ ಮನೆಯನ್ನು ಮುತ್ತಿದರು. ಕ್ರೈಸ್ತರಾದ ತಾವು ಮನೆಗೆ ಬೆಂಕಿಯಿಟ್ಟರೆ ದೇವರ ಮುಂದೆ ದೊಡ್ಡ ಲೆಕ್ಕ ಕೊಡಬೇಕಾದೀತೆಂದು ಫ್ಲೋಸಿಯೇ ಬಾಯಿಬಿಟ್ಟು ಹೇಳಿ, ಬೆಂಕಿಯಿಟ್ಟನು. ನ್ಯಾಲನಿಗೆ ಹೊರಬರಲು ಅವಕಾಶ ಕೊಟ್ಟರು. ತಾನು ಮುದುಕ, ಮಕ್ಕಳ ಸೇಡು ತೀರಿಸಲಾರೆ, ಅವಮಾನದಲ್ಲಿ ಬದುಕಲಾರೆ ಎಂದು ಅವನು ನಿರಾಕರಿಸಿದನು. ಜೀವಮಾನವಿಡೀ ರಾಜಿಗಾಗಿ ದುಡಿದವನ ಬಾಯಲ್ಲೂ ಕೊನೆಗೆ ಬಂದ ಮಾತು ಸೇಡೇ. ಬೆರ್ಗ್‌ಥೋರಾ ತನ್ನ ಗಂಡನೊಂದಿಗೆ ಒಂದೇ ಗತಿಯನ್ನು ಹಂಚಿಕೊಳ್ಳುವೆನೆಂದು ಮಾತು ಕೊಟ್ಟವಳು. ಅವಳೂ ಹೊರಗೆ ಬರಲಿಲ್ಲ. ಅವರ ಅಳಿಯ ಕಾರಿಯ ಮಗ, ಥೋರ್ಡ್ ಎಂಬ ಎಳೆಯ ಹುಡುಗ, ಅಜ್ಜಿಯನ್ನು ಬಿಟ್ಟು ಹೋಗಲಾರೆನೆಂದನು. ಮೂವರೂ ಹಾಸಿಗೆಯ ಮೇಲೆ ಮಲಗಿ, ಶಿಲುಬೆಯ ಗುರುತು ಹಾಕಿಕೊಂಡು, ಎತ್ತಿನ ಚರ್ಮ ಹೊದೆದುಕೊಂಡರು. ಕಾರಿಯೊಬ್ಬನು ಉರಿಯುವ ಕೂದಲಿನೊಂದಿಗೆ ಹೊಗೆಯ ಮರೆಯಲ್ಲಿ ಪಾರಾದನು.

ಇದನ್ನು ಬರೆದವನಿಗೆ ಇದು ಬರೀ ಹಳೆಯ ಕಥೆಯಾಗಿರಲಿಲ್ಲ. 1253ರಲ್ಲಿ ಫ್ಲುಗುಮೀರಿ ಎಂಬಲ್ಲಿ ಎರಡು ಬಲಿಷ್ಠ ಮನೆತನಗಳ ವೈರವನ್ನು ಕೊನೆಗಾಣಿಸಲೆಂದೇ ಒಂದು ಮದುವೆ ನಡೆಯಿತು. ಮದುವೆಯ ಔತಣ ಮುಗಿದ ರಾತ್ರಿಯೇ ವೈರಿಗಳು ಮನೆಗೆ ಬೆಂಕಿಯಿಟ್ಟರು. 25 ಮಂದಿ ಸತ್ತರು. ಮನೆಯ ಯಜಮಾನ ಗಿಜುರ್ ಹುಳಿಮಜ್ಜಿಗೆಯಂಥ ದ್ರವದ ಪೀಪಾಯಿಯೊಳಗೆ ಅಡಗಿ ಬದುಕಿದನು. ಅವನ ಹೆಂಡತಿಯೂ ಮೂವರು ಗಂಡುಮಕ್ಕಳೂ ಉಳಿಯಲಿಲ್ಲ. ಇಂಥ ಕಲಹಗಳಿಂದ ಬಳಲಿದ ಆ ಅರಸನಿಲ್ಲದ ನಾಡು 1262 ಮತ್ತು 1264ರ ನಡುವೆ ನಾರ್ವೆಯ ಅರಸನಿಗೆ ಶರಣಾಯಿತು. ಸೇಡಿನ ಬೆಲೆಯಾಗಿ ಕೊನೆಗೆ ಸ್ವಾತಂತ್ರ್ಯವನ್ನೇ ತೆತ್ತರು.

ಸೇಡೂ ಒಂದು ವ್ಯವಸ್ಥೆಯೇ ಅಲ್ಲವೇ, ಅದರ ಭಯವೇ ಜನರನ್ನು ಅಂಕೆಯಲ್ಲಿಡುತ್ತದಲ್ಲವೇ ಎಂದು ಕೇಳುವ ವಿದ್ವಾಂಸರಿದ್ದಾರೆ. ಅಮೆರಿಕದ ಕಾನೂನು ಪ್ರಾಧ್ಯಾಪಕ ವಿಲಿಯಂ ಇಯಾನ್ ಮಿಲ್ಲರ್ 1990ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಐಸ್‌ಲೆಂಡಿನ ವೈರಕ್ಕೂ ಅದರದೇ ನಿಯಮಗಳೂ ಕೊಡುಕೊಳೆಯ ಲೆಕ್ಕಾಚಾರವೂ ಇದ್ದವೆಂದು ತೋರಿಸಿಕೊಟ್ಟಿದ್ದಾರೆ. ಅದನ್ನು ಅಲ್ಲಗಳೆಯಲಾಗದು. ಸಂತ ಥೋಮಾಸರೂ ತಪ್ಪಿತಸ್ಥನ ದಂಡನೆಯನ್ನು ಸಾರಾಸಗಟಾಗಿ ನಿಷೇಧಿಸಿಲ್ಲ. ದಂಡಿಸುವವನ ಮನಸ್ಸು ಏನನ್ನು ಬಯಸುತ್ತಿದೆಯೆಂದು ನೋಡಬೇಕೆನ್ನುತ್ತಾರೆ. ತಪ್ಪು ತಿದ್ದಲಿ, ಇತರರಿಗೆ ನೆಮ್ಮದಿಯಾಗಲಿ ಎಂಬುದಾದರೆ ಸರಿ. ಅವನಿಗೆ ಕೇಡಾಗಲಿ, ಅಲ್ಲಿಗೆ ನನಗೆ ತೃಪ್ತಿ ಎಂಬುದಾದರೆ ಅದು ಪಾಪ. ಆದರೆ ಆ ವ್ಯವಸ್ಥೆಯ ದರಪಟ್ಟಿಯನ್ನೇ ನೋಡಿ: 12, 100, 200, 600. ಆದಿಕಾಂಡದಲ್ಲಿ ಕಾಯಿನನ ವಂಶಜನಾದ ಲೆಮೆಕನು ತನಗಾಗಿ ಎಪ್ಪತ್ತೇಳರಷ್ಟು ಸೇಡು ತೀರಿಸಲಾಗುವುದೆಂದು ಕೊಚ್ಚಿಕೊಳ್ಳುತ್ತಾನೆ. ಎಷ್ಟು ಸಲ ಕ್ಷಮಿಸಬೇಕೆಂದು ಪೇತ್ರನು ಕೇಳಿದಾಗ ಯೇಸುಸ್ವಾಮಿ ಅದೇ ಸಂಖ್ಯೆಯನ್ನು ಎತ್ತಿಕೊಂಡು ಕ್ಷಮೆಯ ಕಡೆಗೆ ತಿರುಗಿಸಿದರು. ಸೇಡಿನ ಲೆಕ್ಕ ಏರುತ್ತಲೇ ಇರುತ್ತದೆಂದು ಸ್ವಾಮಿಗೆ ಚೆನ್ನಾಗಿ ತಿಳಿದಿತ್ತು.

ಹಾಗಾದರೆ ಲೆಕ್ಕ ನಿಂತದ್ದು ಎಲ್ಲಿ? ಬೆಂಕಿಯ ನಂತರದ ವ್ಯಾಜ್ಯ ಮಹಾಸಭೆಯಲ್ಲಿ ಕಾನೂನಿನ ಕುಯುಕ್ತಿಗಳಲ್ಲಿ ಸಿಲುಕಿ ಮುರಿದು, ಅದೇ ಬಯಲಿನಲ್ಲಿ ಬಹಿರಂಗ ಕಾಳಗವಾಯಿತು. ಹಿಂದೆ ಧರ್ಮದ ತೀರ್ಮಾನವನ್ನು ಎದುರಾಳಿಯ ಕೈಗೊಪ್ಪಿಸಿದ ಸೀಡಾದ ಹಲ್ಲೂರ್‌ನ ಮಗ ಲ್ಯೋಟ್ ಆ ಕಾಳಗದಲ್ಲಿ ಸತ್ತನು. ಈ ಹಲ್ಲೂರ್ ದೀಕ್ಷಾಸ್ನಾನಕ್ಕೆ ಮುನ್ನ, ಒಳಿತು ಕೆಡುಕುಗಳನ್ನು ತೂಗುವ ಮಹಾದೂತ ಸಂತ ಮಿಖಾಯೇಲರು ತನ್ನ ಪಾಲಕರಾಗುವುದಾದರೆ ಕ್ರೈಸ್ತನಾಗುವೆನೆಂದವನು. ಮರುದಿನ ಅವನು ಸಭೆಯ ಮುಂದೆ ನಿಂತು, ತನ್ನ ಮಗನಿಗೆ ಪರಿಹಾರವೇ ಬೇಡ, ಅವನನ್ನು ಲೆಕ್ಕದಿಂದ ಬಿಟ್ಟುಬಿಡಿ, ಆದರೂ ಎದುರಾಳಿಗಳಿಗೆ ಶಾಂತಿಯ ಭರವಸೆ ಕೊಡುತ್ತೇನೆ ಎಂದನು. ನಮ್ಮ ದೃಷ್ಟಿಯಲ್ಲಿ ಇಡೀ ಸಾಗಾದಲ್ಲಿ ಇದಕ್ಕಿಂತ ಧೀರವಾದ ಕಾರ್ಯವಿಲ್ಲ. ಎಲ್ಲರೂ ಸರಿದೂಗಿಸಲು ಹೆಣಗುತ್ತಿದ್ದಾಗ ಒಬ್ಬನು ನಷ್ಟವನ್ನು ತಾನೇ ಹೊತ್ತನು. ಅಲ್ಲಿಯತನಕ ಕತ್ತಿ ಹಿಡಿದಿದ್ದ ಜನ ಮನಕರಗಿ, ಪ್ರತಿಯೊಬ್ಬರೂ ತಮ್ಮ ತಮ್ಮ ಕೈಯಿಂದ ಬೆಳ್ಳಿ ಹಾಕಿದರು. ಮಾಮೂಲಿ ಪರಿಹಾರದ ನಾಲ್ಕು ಪಟ್ಟು ಸೇರಿತು. ಅವನು ಕೇಳಿರಲಿಲ್ಲ.

ನಮ್ಮಲ್ಲಿ ಭಾನುವಾರದ ಬಲಿಪೂಜೆಯಲ್ಲಿ ಶಾಂತಿಯನ್ನು ಕೋರುವಾಗ, ಎಡಕ್ಕೂ ಬಲಕ್ಕೂ ಕೈಮುಗಿದು, ಎರಡು ಸಾಲು ಮುಂದೆ ಕುಳಿತ ಸ್ವಂತ ಅಣ್ಣನ ಕಡೆಗೆ ಮಾತ್ರ ತಿರುಗದವರನ್ನು ಪ್ರತಿಯೊಬ್ಬ ಧರ್ಮಗುರುವೂ ಕಂಡಿದ್ದಾನೆ. ತೋಟದ ಬೇಲಿ, ತಾಯಿಯ ಒಡವೆ, ಮದುವೆಯಲ್ಲಿ ಕರೆಯದಿದ್ದದ್ದು. ಆಸನದ ಜಗಳಕ್ಕಿಂತ ಇವು ದೊಡ್ಡವೇನಲ್ಲ. ಕೋರ್ಟಿನಲ್ಲಿ ತೀರ್ಪಾದ ಮೇಲೂ ಮಾತಿಲ್ಲ. ಅವನೇ ಮೊದಲು ಬರಲಿ ಎಂದು ಇಬ್ಬರೂ ಕಾಯುತ್ತಾರೆ. ನನ್ನ ಬಾಕಿಯನ್ನು ಬಿಟ್ಟೆ ಎನ್ನುವ ಹಲ್ಲೂರ್ ಒಬ್ಬನು ಆ ಮನೆಯಲ್ಲಿ ಹುಟ್ಟಬೇಕು. ಅವನಿಗೆ ನಾಲ್ಕು ಪಟ್ಟು ಸಿಗುತ್ತದೆಂದು ನಾವು ಭರವಸೆ ಕೊಡಲಾರೆವು.

ಕಾರಿ ಹಲ್ಲೂರ್‌ನ ದಾರಿ ಹಿಡಿಯಲಿಲ್ಲ. ಸುಟ್ಟವರನ್ನು ಸಮುದ್ರಗಳಾಚೆಗೂ ಅಟ್ಟಿದನು. ಓರ್ಕ್ನಿ ದ್ವೀಪದಲ್ಲಿ ಕ್ರಿಸ್ತಜಯಂತಿಯ ದಿನ, ಒಡೆಯನ ಔತಣದ ಮೇಜಿನ ಮುಂದೆಯೇ ಒಬ್ಬನ ತಲೆ ಕಡಿದನು. ಫ್ಲೋಸಿ ರೋಮಿಗೆ ನಡೆದು ಹೋಗಿ ಜಗದ್ಗುರುವಿನಿಂದಲೇ ಪಾಪವಿಮೋಚನೆ ಪಡೆದನು. ಬಳಿಕ ಕಾರಿಯೂ ರೋಮಿಗೆ ಹೋಗಿ ಪಾಪವಿಮೋಚನೆ ಪಡೆದನು. ಆದರೆ ಕಥೆ ರೋಮಿನಲ್ಲಿ ಮುಗಿಯುವುದಿಲ್ಲ, ಮುಗಿಯಲೂಬಾರದು. ದೇವರೊಂದಿಗೆ ರಾಜಿಯಾದವನು ಮನೆಗೆ ಮರಳಿ ನೆರೆಯವನ ಬಾಗಿಲು ತಟ್ಟಬೇಕು. ಕಾರಿಯ ಹಡಗು ಐಸ್‌ಲೆಂಡಿನ ದಕ್ಷಿಣ ತೀರದಲ್ಲಿ ಹಿಮದ ಬಿರುಗಾಳಿಗೆ ಸಿಕ್ಕಿ ಒಡೆಯಿತು. ಹತ್ತಿರವಿದ್ದದ್ದು ಫ್ಲೋಸಿಯ ಮನೆ. ಅವನ ಔದಾರ್ಯವನ್ನು ಪರೀಕ್ಷಿಸೋಣವೆಂದು ಕಾರಿ ಆ ಬಿರುಗಾಳಿಯಲ್ಲಿ ನೇರವಾಗಿ ಅಲ್ಲಿಗೇ ನಡೆದನು. ಒಳಗೆ ಬಂದವನನ್ನು ಫ್ಲೋಸಿ ತಕ್ಷಣ ಗುರುತಿಸಿ, ಧಾವಿಸಿ ಎದ್ದು, ಮುತ್ತಿಟ್ಟು, ತನ್ನ ಪಕ್ಕದ ಉನ್ನತಾಸನದಲ್ಲಿ ಕೂರಿಸಿದನು.

ಕಾರಿಯ ಹೆಂಡತಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಫ್ಲೋಸಿ ತನ್ನ ಅಣ್ಣನ ಮಗಳು ಹಿಲ್ಡಿಗುನ್‌ಳನ್ನು ಅವನಿಗೆ ಮದುವೆ ಮಾಡಿಕೊಟ್ಟನು. ರಕ್ತದ ಮೇಲಂಗಿಯನ್ನು ಸುತ್ತಿಟ್ಟಿದ್ದ ಅದೇ ಹಿಲ್ಡಿಗುನ್, ಅವಳ ಗಂಡನನ್ನು ಹೊಲದಲ್ಲಿ ಕೊಂದವರ ಗುಂಪಿನಲ್ಲಿದ್ದ ಅದೇ ಕಾರಿ. ಅವಳ ಮನಸ್ಸಿನಲ್ಲಿ ಏನಿತ್ತೆಂದು ಸಾಗಾ ಒಂದು ಮಾತನ್ನೂ ಹೇಳುವುದಿಲ್ಲ. ಅವರಿಗೆ ಹುಟ್ಟಿದ ಗಂಡುಮಕ್ಕಳ ಹೆಸರನ್ನು ಮಾತ್ರ ಹೇಳುತ್ತದೆ. ಒಬ್ಬನು ಸ್ಟಾರ್ಕಾಡ್. ಇನ್ನೊಬ್ಬನು ಥೋರ್ಡ್, ಅಜ್ಜಿಯ ಮಗ್ಗುಲಲ್ಲಿ ಸುಟ್ಟು ಸತ್ತ ಬಾಲಕನ ಹೆಸರು. ಮತ್ತೊಬ್ಬನು ಫ್ಲೋಸಿ.